ಸಸಿಯ ಲೆಕ್ಕ, ಕಾಡಿನ ಲೆಕ್ಕ

ಇಂದು ಅರಣ್ಯಶಾಸ್ತ್ರದ ಪದವಿ ಪಡೆದ ಪ್ರಿಯ ವಿದ್ಯಾರ್ಥಿಗಳೇ,

ನಿಮ್ಮಲ್ಲಿ ಹಲವರು ನಾಳೆ ನೆಡುತೋಪುಗಳ ಹೊಣೆ ಹೊರಲಿದ್ದೀರಿ. ಆದ್ದರಿಂದ ಅದೊಂದನ್ನೇ ಕುರಿತು ಮಾತನಾಡುತ್ತೇನೆ.

1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ಸೀಮೆಯ ಸಾಲ್ಕಣಿಯ ಜನ ಕಾಡಿಗೆ ಹೋಗಿ, ಕೊಡಲಿಗೆ ಅಡ್ಡ ನಿಂತು ಮರಗಳನ್ನು ಅಪ್ಪಿಕೊಂಡರು. ಸಹಜ ಕಾಡು ಕಡಿದು ತೇಗ, ನೀಲಗಿರಿ ನೆಟ್ಟರೆ ಸೊಪ್ಪು, ಜೇನು, ಹಳ್ಳದ ನೀರು ಏನಾಗುತ್ತವೆ ಎಂಬುದನ್ನು ಅವರು ಬದುಕಿನಿಂದಲೇ ಅರಿತಿದ್ದರು. 1987ರಲ್ಲಿ ಹಾವೇರಿ ಸೀಮೆಯ ಕುಸನೂರಿನ ರೈತರು ಊರೊಟ್ಟಿನ ನೆಲದಲ್ಲಿದ್ದ ನೀಲಗಿರಿ ಕಿತ್ತು, ಊರಿಗೆ ಬೇಕಾದ ಗಿಡ ನೆಟ್ಟರು. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ ನಿಷೇಧಿಸಿದ್ದು 2017ರಲ್ಲಿ.

ಸಹಜ ಕಾಡಿನ ಜಾಗಕ್ಕೆ ನೆಡುತೋಪು ಬಂದರೆ ಏನಾಗುತ್ತದೆ ಎಂದು ತಿಳಿಯಲು ಮಂಗಟ್ಟೆ ಹಕ್ಕಿಯನ್ನು ನೋಡಿ. ಹೆಣ್ಣು ಮೊಟ್ಟೆಯಿಡಲು ಹೆಮ್ಮರದ ಪೊಟರೆ ಹೊಕ್ಕು, ಪೊಟರೆಯ ಬಾಯಿಯನ್ನು ಮುಚ್ಚಿಕೊಳ್ಳುತ್ತದೆ. ಸಣ್ಣ ಸೀಳಿನಿಂದ ಗಂಡು ತಿಂಗಳುಗಟ್ಟಲೆ ಹಣ್ಣು ತಂದುಣಿಸುತ್ತದೆ. ಅದಕ್ಕೆ ಮುದಿಮರ ಬೇಕು. ಅತ್ತಿ, ಗೋಳಿ, ಬಸರಿ ಬೇಕು. ಕಾಗದಕ್ಕೆಂದು ಬೆಳೆಸುವ ಅಕೇಶಿಯಾವನ್ನೋ ಹತ್ತು ವರ್ಷದ ಆಸುಪಾಸಿನಲ್ಲಿ ಕಡಿಯುತ್ತೇವೆ. ಅಲ್ಲಿ ಯಾವ ಮರಕ್ಕೂ ಪೊಟರೆ ಮೂಡುವ ವಯಸ್ಸು ಬರುವುದಿಲ್ಲ. ಮಂಗಟ್ಟೆ ಇಲ್ಲವಾದರೆ ಅದು ದೂರ ಹೊತ್ತು ಬಿತ್ತುತ್ತಿದ್ದ ದೊಡ್ಡ ಬೀಜದ ಮರಗಳೂ ಕ್ಷೀಣಿಸುತ್ತವೆ. ಅಘನಾಶಿನಿ, ಶರಾವತಿ ಕಣಿವೆಗಳಲ್ಲಿ ಕೊಂಬೆಯಿಂದ ಕೊಂಬೆಗೆ ಸಾಗಿ ಬದುಕುವ ಸಿಂಗಳೀಕಕ್ಕೆ, ಬೋಳಾದ ಪಟ್ಟಿಯೊಂದು ಅಡ್ಡ ಬಂದರೆ ದಾರಿಯೇ ಮುಚ್ಚಿದಂತೆ.

ನೆಲದ ಕಥೆಯೂ ಅಷ್ಟೇ. ಅಕೇಶಿಯಾದ ತರಗು ಬೇಗ ಕೊಳೆಯದೆ ದಪ್ಪಗೆ ಹಾಸಿಕೊಂಡು ಬೇಸಿಗೆಯಲ್ಲಿ ಬೆಂಕಿಗೆ ಆಹಾರವಾಗುತ್ತದೆ. ತೇಗದ ಅಗಲ ಎಲೆಯಿಂದ ಉದುರುವ ದಪ್ಪ ಹನಿಗಳು, ಅಡಿಯಲ್ಲಿ ಗಿಡಗಂಟಿ ಇಲ್ಲದ ಕಡೆ, ಮಣ್ಣನ್ನು ಕೊಚ್ಚುತ್ತವೆ.

ಆದರೆ ಕಾಗದದ ಮೇಲಿನ ಅರಣ್ಯದ ಲೆಕ್ಕ ಇದನ್ನೆಲ್ಲ ಕಾಣುವುದಿಲ್ಲ. ಭಾರತೀಯ ಅರಣ್ಯ ಸರ್ವೇಕ್ಷಣೆಯ ಪ್ರಕಾರ ಒಂದು ಹೆಕ್ಟೇರ್ ಮೀರಿದ ಜಾಗದಲ್ಲಿ ಶೇ 10ರಷ್ಟು ಮರದ ನೆರಳಿದ್ದರೆ ಅದು ಅರಣ್ಯ ಹೊದಿಕೆ. ಶತಮಾನಗಳ ಕಾನಿಗೂ, ಅಂದರೆ ದಟ್ಟ ಸಹಜ ಕಾಡಿಗೂ, ನಿನ್ನೆಮೊನ್ನೆಯ ತೋಪಿಗೂ ಅಲ್ಲಿ ಒಂದೇ ಹೆಸರು.

ನಾಡಿಗೆ ಮರಮಟ್ಟು ಬೇಕು, ಕಾಗದವೂ ಬೇಕು. ಅವಕ್ಕೆ ಬೇಕಾದ ಮರವನ್ನು ಹೊಲದ ಬದುವಿನಲ್ಲಿ, ಈಗಾಗಲೇ ಹಾಳಾದ ನೆಲದಲ್ಲಿ ಬೆಳೆಸೋಣ. ಅದಕ್ಕಾಗಿ ಕಾನಿಗೆ ಕೊಡಲಿ ಹಾಕುವುದು ಬೇಡ. ಇರುವ ತೋಪುಗಳನ್ನು ಒಂದೇ ಏಟಿಗೆ ಬೋಳಿಸಬೇಡಿ. ಹಳ್ಳದ ಎರಡೂ ದಂಡೆಯ ಮರಗಳನ್ನು, ಪೊಟರೆಯ ಮರಗಳನ್ನು ಉಳಿಸಿ. ಹಳೆಯ ತೇಗದ ಅಡಿಯಲ್ಲಿ ಮತ್ತಿ, ಹೊನ್ನೆ, ನಂದಿ ತಾವಾಗಿ ಚಿಗುರಿದರೆ ಕಳೆಯೆಂದು ಸವರಬೇಡಿ.

ನಿಮ್ಮಲ್ಲಿ ನನ್ನ ಕೋರಿಕೆ ಒಂದೇ. ವರದಿಯಲ್ಲಿ ನೆಟ್ಟ ಸಸಿಗಳ ಸಂಖ್ಯೆಯ ಜತೆಗೆ, ಆ ನೆಲದಲ್ಲಿ ಯಾವ ಹಕ್ಕಿ, ಯಾವ ಪ್ರಾಣಿ, ಯಾವ ಹುಟ್ಟುಗಿಡ ಉಳಿದಿದೆ ಎಂಬುದನ್ನೂ ಬರೆಯಿರಿ. ಮೇಲಧಿಕಾರಿ ಕೇಳದಿದ್ದರೂ ಬರೆಯಿರಿ.