ಜಲಗಾಲನವೂ ಪ್ಲಾಸ್ಟಿಕ್ಕೂ



ನೀರನ್ನು ಸೋಸಿ, ಬಟ್ಟೆಯಲ್ಲುಳಿದ ಜೀವಿಗಳನ್ನು ಅದೇ ಜಲಕ್ಕೆ ಮರಳಿ ಬಿಡುವುದು ಶ್ರಾವಕಾಚಾರ. ಶಿವಮೊಗ್ಗೆಯ ತುಂಗೆಯಲ್ಲೂ ಭದ್ರಾವತಿಯ ಭದ್ರೆಯಲ್ಲೂ ಬಾಳುವ ಬಸವನಹುಳು, ಕಪ್ಪೆಚಿಪ್ಪುಗಳು ನಮ್ಮ ಶಾಸ್ತ್ರದಂತೆ ದ್ವೀಂದ್ರಿಯ ತ್ರಸಜೀವಿಗಳು. ಇಂದು ಅವುಗಳಿಗೆ ಹೊಸ ಆಪತ್ತೊದಗಿದೆ.

ಪ್ಲಾಸ್ಟಿಕ್ಕನ್ನು ಮೃದುಗೊಳಿಸಲು, ಬಣ್ಣಗೊಳಿಸಲು, ಬಾಳಿಕೆ ಹೆಚ್ಚಿಸಲು ಬೆರೆಸುವ ರಾಸಾಯನಿಕಗಳಲ್ಲಿ ಬಹುಪಾಲು ಅದರೊಡನೆ ಬೆಸೆದುಕೊಂಡಿರುವುದಿಲ್ಲ. ಕ್ರಮೇಣ ನೀರಿಗೆ ಒಸರುತ್ತವೆ. ಪ್ಲಾಸ್ಟಿಕ್ ತಯಾರಿಕೆಯಲ್ಲಿ ಬಳಸುವ ಬಿಸ್ಫಿನಾಲ್-ಎ, ಸಿಹಿನೀರಿನ ಹೆಣ್ಣು ಬಸವನಹುಳುಗಳ ಪ್ರಜನನಾಂಗವನ್ನು ವಿಕಾರಗೊಳಿಸುವುದೆಂದು 2000ದಲ್ಲಿ ಜರ್ಮನಿಯ ವಿಜ್ಞಾನಿಗಳು ವರದಿ ಮಾಡಿದರು. ಎಷ್ಟು ಅಲ್ಪಪ್ರಮಾಣದಲ್ಲಿ ಹೀಗಾಗುವುದೆಂಬ ಬಗ್ಗೆ ವಿದ್ವಾಂಸರಲ್ಲಿ ವಾದವುಂಟು. ಆದರೆ ನೀರಿನಲ್ಲಿ ಕರಗಿದ ವಿಷವನ್ನು ಯಾವ ಗಾಲನವಸ್ತ್ರವೂ ತಡೆಯಲಾರದು ಎಂಬುದರಲ್ಲಿ ವಾದವಿಲ್ಲ.

ಪ್ಲಾಸ್ಟಿಕ್ ಕೈಚೀಲಗಳನ್ನು ಕರ್ನಾಟಕ ಸರ್ಕಾರವು 2016ರಲ್ಲಿಯೇ ನಿಷೇಧಿಸಿತು. ಆದರೂ ಗಿರಾಕಿ ಕೇಳಿದನೆಂದು ಕೊಟ್ಟವರು ನಾವು ವರ್ತಕರು, ನಾನೂ ಕೊಟ್ಟಿದ್ದೇನೆ. ಕೃತ, ಕಾರಿತ, ಅನುಮೋದನೆ ಮೂರರಿಂದಲೂ ಹಿಂಸೆಯ ಪಾಪ ತಗಲುವುದೆಂದು ಬಲ್ಲ ನಮಗೆ ಈ ನೆಪ ಸಲ್ಲದು. ಎರಡು ನದಿಗಳೂ ಕೂಡಲಿಯಲ್ಲಿ ಸಂಗಮಿಸಿ ಮುಂದೆ ಹರಿಯುತ್ತವೆ. ನಾವು ಎಸೆದುದು ನಮ್ಮೂರಿನಲ್ಲಿಯೇ ನಿಲ್ಲದು.

ಈ ಪ್ರತಿಷ್ಠೆಯ ಶುಭದಿನದಿಂದ ನನ್ನ ಅಂಗಡಿಯಲ್ಲಿ ಬಟ್ಟೆಯ ಚೀಲ ಮಾತ್ರ. ಅಭಿಷೇಕದ ಹಾಲೂ ಪಾತ್ರೆಯಲ್ಲೇ ಬಸದಿಗೆ ಬರಲಿ. ತಾವೆಲ್ಲರೂ ಇದನ್ನೊಂದು ಅಣುವ್ರತದಂತೆ ಸ್ವೀಕರಿಸಬೇಕೆಂದು ವಿನಂತಿಸುತ್ತೇನೆ.

ಜೈ ಜಿನೇಂದ್ರ.