ಔಷಧದ ಬೆಲೆಯೂ ಯೂರೋಪಿನ ಒಕ್ಕೂಟವೂ



ವೈದ್ಯನನ್ನು ವೇದಿಕೆಗೆ ಕರೆದರೆ ಸಕ್ಕರೆ ಕಾಯಿಲೆಯನ್ನು ಕುರಿತು ಉಪದೇಶ ಮಾಡಿ, ಮುಂದೆ ಬರಲಿರುವ ಹೋಳಿಗೆಯೂಟಕ್ಕೆ ಕಲ್ಲು ಹಾಕಿಯಾನು ಎಂಬ ಭಯ ಸಭಿಕರಿಗೆ ಇರುವುದು ಸಹಜ. ಆ ಭಯ ಬೇಡ. ಇಂದು ನಾವು ಮಾತನಾಡಹೊರಟಿರುವುದು ರೋಗವನ್ನು ಕುರಿತಲ್ಲ. ಮಾತ್ರೆಯ ಬೆಲೆಯನ್ನು ಕುರಿತು. ದೇಶವೊಂದು ಯೂರೋಪಿನ ಒಕ್ಕೂಟವನ್ನು ಸೇರಿದಾಗ ಅಲ್ಲಿನ ಔಷಧದ ಪೇಟೆಗೆ ಏನಾಗುತ್ತದೆ ಎಂಬುದೇ ನಮ್ಮ ವಿಷಯ.

ಈ ವಿಷಯದತ್ತ ನಮ್ಮ ಗಮನ ಸೆಳೆದವರು ಪಂಡಿತರಲ್ಲ. ಹಲವು ವರ್ಷಗಳ ಹಿಂದೆ ಈ ದೇಶದಲ್ಲಿ ಮಗನ ಮನೆಯಲ್ಲಿದ್ದ ಧಾರವಾಡದ ಕಡೆಯ ಹಿರಿಯ ತಾಯಿಯೊಬ್ಬರು ನಮ್ಮ ಚಿಕಿತ್ಸಾಲಯಕ್ಕೆ ಬರುತ್ತಿದ್ದರು. ಒಂದು ದಿನ ಚೀಲದಿಂದ ಮಾತ್ರೆಯ ಡಬ್ಬಿಯನ್ನು ತೆಗೆದು ಮೇಜಿನ ಮೇಲಿಟ್ಟು, "ಡಾಕ್ಟ್ರ, ಇದು ಖೊಟ್ಟಿ ಗುಳಿಗಿ ಅಲ್ಲೇನ್ರಿ? ಮ್ಯಾಲ ಇಂಗ್ಲಿಷ್ ಚೀಟಿ ಹಚ್ಯಾರ, ಒಳಗ ಬ್ಯಾರೇನೋ ಬರದೈತಿ" ಎಂದರು. ನೋಡಿದರೆ ಅವರ ಮಾತು ನಿಜ. ಚೀಟಿಯ ಅಂಚಿನಿಂದ ಗ್ರೀಕ್ ಅಕ್ಷರಗಳು ಇಣುಕುತ್ತಿದ್ದವು. ಮಾತ್ರೆಯ ಹಾಳೆಯ ಮೇಲೆ ವಾರದ ದಿನಗಳ ಹೆಸರುಗಳೂ ಗ್ರೀಕಿನಲ್ಲೇ ಇದ್ದವು. ಅದು ನಕಲಿಯಲ್ಲ, ಅದೇ ಕಂಪನಿ ತಯಾರಿಸಿದ ಅಸಲಿ ಮಾತ್ರೆಯೇ. ಗ್ರೀಸಿನಲ್ಲಿ ಬೆಲೆ ಕಡಿಮೆ ಇರುವುದರಿಂದ ವ್ಯಾಪಾರಿಯೊಬ್ಬ ಅಲ್ಲಿ ಕೊಂಡು, ಇಲ್ಲಿಗೆ ತಂದು, ಇಂಗ್ಲಿಷ್ ಚೀಟಿ ಅಂಟಿಸಿ ಔಷಧದ ಅಂಗಡಿಗೆ ಮಾರಿದ್ದಾನೆ ಎಂದು ವಿವರಿಸಿದೆವು. ಅವರು ಅರೆಕ್ಷಣ ಯೋಚಿಸಿ ಕೇಳಿದರು: "ಹಂಗಾರ ಆ ದೇಶದ ಮಂದಿ ಏನ್ ನುಂಗ್ತಾರ್ರಿ?"

ಅಂದು ಉತ್ತರ ನಮ್ಮಲ್ಲಿರಲಿಲ್ಲ. ಅದನ್ನು ಹುಡುಕುತ್ತ ಓದಿದ್ದನ್ನೇ ಇಂದು ತಮ್ಮ ಮುಂದಿಡುತ್ತಿದ್ದೇವೆ.

1957ರ ರೋಮ್ ಒಪ್ಪಂದದ ಮೂಲತತ್ತ್ವಗಳಲ್ಲೊಂದು, ಸದಸ್ಯ ದೇಶಗಳ ನಡುವೆ ಸರಕುಗಳು ಅಡೆತಡೆಯಿಲ್ಲದೆ ಓಡಾಡಬೇಕು ಎಂಬುದು. ಔಷಧವೂ ಒಂದು ಸರಕೇ. ಆದರೆ ಆರೋಗ್ಯದ ಖರ್ಚನ್ನು ಹೊರುವ ಹೊಣೆ ಒಕ್ಕೂಟದ್ದಲ್ಲ, ಆಯಾ ದೇಶದ್ದು. ಆದ್ದರಿಂದ ಬೆಲೆಯನ್ನು ನಿಗದಿಪಡಿಸುವ ಅಧಿಕಾರವೂ ಆಯಾ ಸರಕಾರದ ಬಳಿಯೇ ಉಳಿಯಿತು. ಈ ನಿರ್ಧಾರಗಳು ಮುಚ್ಚುಮರೆಯಿಲ್ಲದೆ, ಗೊತ್ತಾದ ಅವಧಿಯೊಳಗೆ ಆಗಬೇಕೆಂದು 1989ರ ನಿರ್ದೇಶನವೊಂದು ಹೇಳಿತೇ ಹೊರತು, ಬೆಲೆ ಎಷ್ಟಿರಬೇಕೆಂದು ಹೇಳಲಿಲ್ಲ. ಟೊಮೆಟೊ ಹಣ್ಣಿನ ಬೆಲೆಯನ್ನು ಸಂತೆ ಕಟ್ಟುತ್ತದೆ. ಮಾತ್ರೆಯ ಬೆಲೆಯನ್ನು ಮಂತ್ರಾಲಯ ಕಟ್ಟುತ್ತದೆ. ಬಡ ದೇಶ ತನ್ನ ಜನರ ಜೇಬನ್ನು ನೋಡಿ ಕಡಿಮೆ ಬೆಲೆ ಇಡುತ್ತದೆ. ಗಡಿ ತೆರೆದಾಗ ಡಬ್ಬಿ ಹೊರಟುಹೋಗುತ್ತದೆ, ಜೇಬು ಮಾತ್ರ ಇದ್ದಲ್ಲೇ ಇರುತ್ತದೆ.

ಹೀಗೆ ಡಬ್ಬಿ ಹೊರಡುವುದನ್ನು ಕಂಪನಿ ತಡೆಯಬಹುದೇ? ಈ ಪ್ರಶ್ನೆ 1974ರಲ್ಲಿ ಯೂರೋಪಿನ ನ್ಯಾಯಾಲಯದ ಮುಂದೆ ಬಂದಿತು. ಔಷಧ ನೆಗ್ರಾಮ್, ಅಂದರೆ ನಾಲಿಡಿಕ್ಸಿಕ್ ಆಮ್ಲ. ಮೂತ್ರದ ಸೋಂಕಿಗೆ ನಮ್ಮ ಪೀಳಿಗೆಯ ವೈದ್ಯರೆಲ್ಲ ಬರೆದುಕೊಟ್ಟ ಮಾತ್ರೆಯದು. ಬ್ರಿಟನ್ನಿನಲ್ಲಿ ಅದರ ಬೆಲೆ ಹಾಲೆಂಡಿನ ಬೆಲೆಯ ಸುಮಾರು ಅರ್ಧದಷ್ಟಿತ್ತು. ಸೆಂಟ್ರಾಫಾರ್ಮ್ ಎಂಬ ವ್ಯಾಪಾರಿ ಸಂಸ್ಥೆ ಇಲ್ಲಿಂದ ಕೊಂಡು ಅಲ್ಲಿ ಮಾರಿತು. ಪೇಟೆಂಟು ಹೊಂದಿದ್ದ ಸ್ಟರ್ಲಿಂಗ್ ಡ್ರಗ್ ಕಂಪನಿ ತಡೆಯಲು ಹೋದಾಗ, ಒಮ್ಮೆ ನೀವೇ ಒಂದು ಸದಸ್ಯ ದೇಶದಲ್ಲಿ ಮಾರಾಟಕ್ಕೆ ಇಟ್ಟ ಮೇಲೆ ಮುಂದಿನ ಪ್ರಯಾಣವನ್ನು ಪೇಟೆಂಟಿನ ಬಲದಿಂದ ತಡೆಯುವಂತಿಲ್ಲ ಎಂದು ನ್ಯಾಯಾಲಯ ತೀರ್ಪಿತ್ತಿತು. ಬೆಲೆಯ ಅಂತರಕ್ಕೆ ಸರಕಾರದ ನಿಯಂತ್ರಣ ಕಾರಣವಾಗಿದ್ದರೂ ಅಷ್ಟೇ. ಆಗ ಅಗ್ಗದ ಔಷಧವನ್ನು ಹೊರಗೆ ಕಳುಹಿಸುತ್ತಿದ್ದ ದೇಶ ಬ್ರಿಟನ್ ಎಂಬುದನ್ನು ತಾವು ಗಮನಿಸಬೇಕು.

ಇಟಲಿಯ ಕಥೆ ಇನ್ನೂ ಸ್ವಾರಸ್ಯದ್ದು. ಅಲ್ಲಿ 1978ರವರೆಗೆ ಔಷಧಗಳಿಗೆ ಪೇಟೆಂಟೇ ಇರಲಿಲ್ಲ. ಹಾಗಿದ್ದರೂ ಅಲ್ಲಿ ಮಾರಲು ಕಂಪನಿ ತಾನಾಗಿ ಒಪ್ಪಿದ್ದರಿಂದ ಅದರ ಫಲವನ್ನೂ ಅನುಭವಿಸಬೇಕು ಎಂದು 1981ರಲ್ಲಿ ಮರ್ಕ್ ಕಂಪನಿಯ ಮೊಕದ್ದಮೆಯಲ್ಲಿ ನ್ಯಾಯಾಲಯ ಹೇಳಿತು. ಸ್ಪೇನ್, ಪೋರ್ಚುಗಲ್‌ಗಳು ಒಕ್ಕೂಟದ ಬಾಗಿಲು ತಟ್ಟುತ್ತಿದ್ದ ಕಾಲ ಅದು. ಆ ಎರಡು ದೇಶಗಳಲ್ಲೂ ಔಷಧದ ತಯಾರಿಕಾ ವಿಧಾನಕ್ಕೆ ಪೇಟೆಂಟು ಇತ್ತೇ ಹೊರತು ಔಷಧಕ್ಕೇ ಇರಲಿಲ್ಲ. ಬೇರೆ ವಿಧಾನದಿಂದ ಅದೇ ಔಷಧವನ್ನು ತಯಾರಿಸಲು ಯಾರಿಗೂ ಅಡ್ಡಿಯಿಲ್ಲ.

ಈ ವ್ಯವಸ್ಥೆ ನಮಗೆ ಹೊಸದಲ್ಲವಷ್ಟೆ. ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರರು 1959ರಲ್ಲಿ ಕೊಟ್ಟ ವರದಿಯನ್ನು ಅನುಸರಿಸಿ ಭಾರತ 1970ರಲ್ಲಿ ಮಾಡಿದ ಪೇಟೆಂಟು ಕಾಯಿದೆಯೂ ಇದೇ ಹಾದಿ ಹಿಡಿದಿತ್ತು. ನಾವು ಎಂ.ಬಿ.ಬಿ.ಎಸ್. ಓದುತ್ತಿದ್ದಾಗ ಒಂದೇ ಔಷಧ ಹತ್ತಾರು ಹೆಸರುಗಳಲ್ಲಿ, ಕೂಲಿಯವನಿಗೂ ಎಟಕುವ ಬೆಲೆಯಲ್ಲಿ ಸಿಗುತ್ತಿದ್ದುದಕ್ಕೆ ಅದು ಮುಖ್ಯ ಕಾರಣ. 2005ರ ಜನವರಿ 1ರಿಂದ ಭಾರತವೂ ಔಷಧಕ್ಕೇ ಪೇಟೆಂಟು ಕೊಡತೊಡಗಿತು. ಸ್ಪೇನಿನ ಮೇಲೆ ಒಕ್ಕೂಟದ ಒತ್ತಡವಿತ್ತು, ಭಾರತದ ಮೇಲೆ ವಿಶ್ವ ವ್ಯಾಪಾರ ಸಂಸ್ಥೆಯ ಒತ್ತಡ.

ಸ್ಪೇನ್, ಪೋರ್ಚುಗಲ್‌ಗಳು 1986ರಲ್ಲಿ ಸೇರಿದಾಗ ಒಂದು ತಾತ್ಕಾಲಿಕ ಬೇಲಿ ಹಾಕಲಾಯಿತು. ಆ ದೇಶಗಳಲ್ಲಿ ಔಷಧಕ್ಕೆ ಪೇಟೆಂಟು ಬಂದ ಮೇಲೆ ಮೂರು ವರ್ಷ ಕಳೆಯುವವರೆಗೆ ಅಲ್ಲಿನ ಅಗ್ಗದ ಔಷಧವನ್ನು ಹಳೆಯ ಸದಸ್ಯ ದೇಶಗಳಿಗೆ ತರದಂತೆ ಪೇಟೆಂಟುದಾರ ತಡೆಯಬಹುದಿತ್ತು. ಪೇಟೆಂಟು ಬಂದದ್ದು 1992ರಲ್ಲಿ, ಬೇಲಿ ಬಿದ್ದದ್ದು 1995ರಲ್ಲಿ. ಕೂಡಲೇ ಸ್ಪೇನಿನಿಂದ ರಕ್ತದೊತ್ತಡದ ಮಾತ್ರೆಗಳು ಬ್ರಿಟನ್ನಿಗೆ ಬರತೊಡಗಿದವು. ಕಂಪನಿಗಳು ಮತ್ತೆ ಮೊರೆಹೋದವು. 1996ರ ಡಿಸೆಂಬರಿನಲ್ಲಿ ನ್ಯಾಯಾಲಯ ತನ್ನ ಹಳೆಯ ತೀರ್ಪಿಗೇ ಅಂಟಿಕೊಂಡಿತು.

ಇದರಿಂದ ಪಾಠ ಕಲಿತ ಕಂಪನಿಗಳು 2004ರ ಹೊತ್ತಿಗೆ ಸಿದ್ಧವಾಗಿದ್ದವು. ಆ ವರ್ಷ ಮೇ 1ರಂದು ಪೋಲೆಂಡ್, ಹಂಗೇರಿ, ಜೆಕ್ ಗಣರಾಜ್ಯ ಮೊದಲಾದ ಹತ್ತು ದೇಶಗಳು ಸೇರಿದವು. ಈ ಬಾರಿಯ ಬೇಲಿಗೆ ವರ್ಷಗಳ ಲೆಕ್ಕವಿರಲಿಲ್ಲ. ಹಳೆಯ ಸದಸ್ಯ ದೇಶದಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಕಾಲದಲ್ಲಿ ಹೊಸ ದೇಶದಲ್ಲಿ ಅಂಥ ರಕ್ಷಣೆ ದೊರೆಯುತ್ತಿರಲಿಲ್ಲವಾದರೆ, ಆ ಪೇಟೆಂಟು ಮುಗಿಯುವವರೆಗೂ ಆಮದನ್ನು ತಡೆಯಬಹುದು. ಆಮದು ಮಾಡುವವನು ಒಂದು ತಿಂಗಳು ಮೊದಲೇ ತಿಳಿಸಬೇಕು. ಸೈಪ್ರಸ್, ಮಾಲ್ಟಾಗಳಿಗೆ ಇದು ಅನ್ವಯಿಸಲಿಲ್ಲ. ಮುಂದೆ 2007ರಲ್ಲಿ ಬಲ್ಗೇರಿಯ, ರುಮೇನಿಯಗಳಿಗೂ, 2013ರಲ್ಲಿ ಕ್ರೊಯೇಶಿಯಕ್ಕೂ ಇದೇ ನಿಯಮ ಬಂದಿತು. ಇದರ ಜೊತೆಗೆ ಪೋಲೆಂಡು ತನ್ನ ಹಳೆಯ ಔಷಧಗಳ ದಾಖಲೆಗಳನ್ನು 2008ರ ಕೊನೆಯೊಳಗೆ ಒಕ್ಕೂಟದ ಮಟ್ಟಕ್ಕೆ ಏರಿಸಬೇಕಾಗಿತ್ತು. ಆ ಖರ್ಚು ಹೊರಲಾರದೆ ಕೆಲವು ಅಗ್ಗದ ಔಷಧಗಳು ಪೇಟೆಯಿಂದಲೇ ಮರೆಯಾದವು.

ಬೇಲಿಯನ್ನು ಹಾಕಿದ್ದು ಕಂಪನಿಗಳ ಲಾಭಕ್ಕಾಗಿಯೇ, ಅದರಲ್ಲಿ ಸಂಶಯವಿಲ್ಲ. ಆದರೆ ಅದೇ ಬೇಲಿ, ಯಾರೂ ಉದ್ದೇಶಿಸದಿದ್ದರೂ, ಪೋಲೆಂಡಿನ ಮಾತ್ರೆಯನ್ನು ಪೋಲೆಂಡಿನ ರೋಗಿಗಾಗಿ ಅಲ್ಲೇ ಉಳಿಸಿತು. ಹಳೆಯ ಪೇಟೆಂಟುಗಳು ಒಂದೊಂದಾಗಿ ಮುಗಿದವು. ಬೇಲಿಯ ರಕ್ಷಣೆಯಿಲ್ಲದ ಹೊಸ ಔಷಧಗಳು ಬಂದವು. ಡಬ್ಬಿಗಳು ಪಶ್ಚಿಮದತ್ತ ಹರಿಯತೊಡಗಿದವು. ಪೋಲೆಂಡಿನಲ್ಲಂತೂ ಕೆಲವು ಔಷಧದ ಅಂಗಡಿಗಳು ರೋಗಿಗಳಿಗೆಂದು ತರಿಸಿದ ಮಾತ್ರೆಗಳನ್ನು ಕಾನೂನಿಗೆ ವಿರುದ್ಧವಾಗಿ ಸಗಟು ವ್ಯಾಪಾರಿಗಳಿಗೇ ಹಿಂದಕ್ಕೆ ಮಾರಿ ಹೊರದೇಶಕ್ಕೆ ಸಾಗಿಸಿದವು. ಕೊರತೆ ಬೀಳುವ ಔಷಧಗಳ ಪಟ್ಟಿ ಮಾಡಿ, ಅವುಗಳ ರಫ್ತಿಗೆ ಕಡಿವಾಣ ಹಾಕುವ ಕಾನೂನನ್ನು ಅಲ್ಲಿನ ಸರಕಾರ 2015ರಲ್ಲಿ ತಂದಿತು. ಇದು ಮುಕ್ತ ವ್ಯಾಪಾರಕ್ಕೆ ವಿರುದ್ಧವೆಂದು ಒಕ್ಕೂಟದ ಆಯೋಗ ಮೊದಲು ಹುಬ್ಬುಗಂಟಿಕ್ಕಿತು. 2018ರ ಮೇ ತಿಂಗಳಲ್ಲಿ ಪೋಲೆಂಡ್, ರುಮೇನಿಯ, ಸ್ಲೊವಾಕಿಯಗಳ ಮೇಲಿನ ಇಂಥ ಕಡತಗಳನ್ನು ತಾನೇ ಮುಚ್ಚಿತು.

ಗ್ರೀಸಿನಲ್ಲಿ ಕಂಪನಿಯೇ ಕೈ ಬಿಗಿಹಿಡಿಯಿತು. 2000ದ ನವೆಂಬರಿನಲ್ಲಿ ಗ್ಲಾಕ್ಸೊ ಕಂಪನಿ ಅರೆತಲೆನೋವು, ಅಪಸ್ಮಾರ ಮತ್ತು ಉಬ್ಬಸದ ಮೂರು ಔಷಧಗಳನ್ನು ಸಗಟು ವ್ಯಾಪಾರಿಗಳಿಗೆ ಕೊಡುವುದನ್ನು ನಿಲ್ಲಿಸಿತು. ಆ ವ್ಯಾಪಾರಿಗಳು ಅವನ್ನು ಬ್ರಿಟನ್ನಿಗೂ ಜರ್ಮನಿಗೂ ಕಳುಹಿಸುತ್ತಿದ್ದರು. ಮಾಮೂಲಿನ ಬೇಡಿಕೆಯನ್ನು ನಿರಾಕರಿಸುವಂತಿಲ್ಲ, ಮಿತಿಮೀರಿದ ಬೇಡಿಕೆಯನ್ನು ನಿರಾಕರಿಸಬಹುದು ಎಂದು 2008ರಲ್ಲಿ ತೀರ್ಪು ಬಂದಿತು. ಆ ಧಾರವಾಡದ ತಾಯಿಯ ಪ್ರಶ್ನೆಗೆ ನ್ಯಾಯಾಲಯ ಉತ್ತರಿಸಲು ಯತ್ನಿಸಿತು ಎನ್ನಬೇಕು. ಮಾಮೂಲು ಎಷ್ಟು ಎಂಬುದನ್ನು ಮಾತ್ರ ಗ್ರೀಸಿನ ನ್ಯಾಯಾಲಯಗಳಿಗೆ ಬಿಟ್ಟಿತು.

ಇದರಿಂದ ಲಾಭವಾದದ್ದು ಯಾರಿಗೆ? ನಡುವಿನ ವ್ಯಾಪಾರಿಗೆ ಆಯಿತು. ಇಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆಗೂ ಅಷ್ಟಿಷ್ಟು ಆಯಿತು. ಅಂಗಡಿಯವರು ಅಗ್ಗವಾಗಿ ಕೊಂಡಿರುತ್ತಾರೆಂದು ಊಹಿಸಿ, ಅವರಿಗೆ ಸಲ್ಲಬೇಕಾದ ಹಣದಲ್ಲಿ ಒಂದು ಪಾಲನ್ನು ಅದು ಮುರಿದುಕೊಳ್ಳುತ್ತದೆ. ನಾವು ವೈದ್ಯರೂ ಇದರ ಫಲಾನುಭವಿಗಳೇ. ಅಗ್ಗವಾಯಿತೆಂದು ಸಂತೋಷಪಟ್ಟವರ ಸಾಲಿನಲ್ಲಿ ನಾವೂ ನಿಂತಿದ್ದೆವು ಎಂದು ಒಪ್ಪಿಕೊಳ್ಳಬೇಕಾಗಿದೆ. ಪೌಂಡಿನ ಬೆಲೆ ಕುಸಿದ 2008ರ ನಂತರದ ಕೆಲವು ವರ್ಷ ಹರಿವು ತಿರುಗಿತು. ಇಲ್ಲಿಂದಲೇ ಮಾತ್ರೆಗಳು ಯೂರೋಪಿಗೆ ಹೋಗಿ, ನಮ್ಮ ರೋಗಿಗಳು ಅಂಗಡಿಯಿಂದ ಅಂಗಡಿಗೆ ಅಲೆದರು. ಆಗಲೇ ನಮಗೆ ಗ್ರೀಸಿನವರ ಸಂಕಟದ ರುಚಿ ತಿಳಿದದ್ದು. 2020ರಲ್ಲಿ ಬ್ರಿಟನ್ ಒಕ್ಕೂಟವನ್ನು ಬಿಟ್ಟ ಮೇಲೆ ಯೂರೋಪಿನ ಡಬ್ಬಿ ಇಲ್ಲಿಗೆ ಬರಬಹುದು. ಇಲ್ಲಿ ಮಾರಿದ ಡಬ್ಬಿ ಅಲ್ಲಿಗೆ ಹೋಗುವುದನ್ನು ಪೇಟೆಂಟುದಾರ ತಡೆಯಬಹುದು.

ಇನ್ನೊಂದು ತೊಡಕೂ ಇದೆ. ಬೆಲೆ ಕಟ್ಟುವಾಗ ಹೆಚ್ಚಿನ ಸರಕಾರಗಳು ಅಕ್ಕಪಕ್ಕದ ದೇಶಗಳ ಬೆಲೆಯನ್ನು ನೋಡುತ್ತವೆ. ಸಣ್ಣ ದೇಶವೊಂದಕ್ಕೆ ಬೆಲೆ ಇಳಿಸಿಕೊಟ್ಟರೆ ದೊಡ್ಡ ದೇಶಗಳೂ ಅದನ್ನೇ ಕೇಳುತ್ತವೆಂದು ಕಂಪನಿಗೆ ಅಂಜಿಕೆ. ಹಾಗಾಗಿ ಜರ್ಮನಿಯ ರೋಗಿಗೆ ತಿಂಗಳುಗಳಲ್ಲಿ ದೊರೆಯುವ ಹೊಸ ಔಷಧಕ್ಕೆ ರುಮೇನಿಯದ ರೋಗಿ ವರ್ಷಗಟ್ಟಲೆ ಕಾಯುತ್ತಾನೆ. ಇಲ್ಲವೇ ಬೆಲೆಪಟ್ಟಿಯಲ್ಲಿ ಒಂದು ಬೆಲೆ, ಮೇಜಿನಡಿಯ ಗುಟ್ಟಿನ ರಿಯಾಯಿತಿಯಲ್ಲಿ ಇನ್ನೊಂದು. ಆ ಗುಟ್ಟಿನ ಆಟದಲ್ಲಿ ಸಣ್ಣ ದೇಶದ ಕೈ ಬಲವಾಗಿರುವುದಿಲ್ಲ.

ಈಗ ಮಾಂಟೆನೆಗ್ರೊ, ಸರ್ಬಿಯ, ಅಲ್ಬೇನಿಯಗಳು ಒಕ್ಕೂಟದ ಹೊಸ್ತಿಲಲ್ಲಿ ಮಾತುಕತೆ ನಡೆಸುತ್ತಿವೆ. ಉಕ್ರೇನ್, ಮಾಲ್ಡೋವಗಳ ಮಾತುಕತೆ 2024ರ ಜೂನಿನಲ್ಲಿ ಆರಂಭವಾಯಿತು. ಹೊಸ ಔಷಧಗಳಿಗೆ ಈ ದೇಶಗಳಲ್ಲಿ ಪೇಟೆಂಟಿನ ರಕ್ಷಣೆ ಈಗಾಗಲೇ ಇರುವುದರಿಂದ 2004ರ ಬೇಲಿ ಇವರಿಗೆ ಹೆಚ್ಚು ಉಪಯೋಗಕ್ಕೆ ಬಾರದು. ಪೋಲೆಂಡು ಸೇರಿ ಹನ್ನೊಂದು ವರ್ಷಗಳ ಮೇಲೆ ಬರೆದುಕೊಂಡ ರಫ್ತಿನ ಕಾನೂನನ್ನು ಇವರು ಸೇರುವ ಮೊದಲೇ ಬರೆದಿಟ್ಟುಕೊಳ್ಳುವುದು ಲೇಸೆಂದು ನಮ್ಮ ಅಭಿಪ್ರಾಯ. ಸಭಿಕರಲ್ಲಿ ಔಷಧದ ಅಂಗಡಿ ನಡೆಸುವವರು ಮೂವರಿದ್ದಾರೆಂದು ಕಾರ್ಯದರ್ಶಿಗಳು ತಿಳಿಸಿದ್ದಾರೆ. ನಮ್ಮ ಮಾತಿಗೆ ಅವರು ಎತ್ತುವ ಆಕ್ಷೇಪಗಳನ್ನು ಊಟಕ್ಕೆ ಮುಂಚೆ ಕೇಳಲು ಸಿದ್ಧರಿದ್ದೇವೆ.