ಹಬ್ಬದ ರಜೆ ಮತ್ತು ಸಾಹಸಚಿತ್ರಗಳ ಸರಣಿ

ಹಬ್ಬದ ಸಡಗರ ಸಾಮಾನ್ಯವಾಗಿ ಮಧ್ಯಾಹ್ನದ ಊಟದೊಡನೆ ಮುಗಿಯುತ್ತದೆ. ಪೂಜೆಯಾಯಿತು, ನೈವೇದ್ಯವಾಯಿತು, ಎಲೆ ಎತ್ತಿದ್ದಾಯಿತು. ಪರಸ್ಥಳಗಳಿಂದ ಬಂದ ಮಕ್ಕಳು ಮೊಮ್ಮಕ್ಕಳೆಲ್ಲ ಪಡಸಾಲೆಯಲ್ಲಿ ಸೇರಿದ್ದಾರೆ. ಹಬ್ಬಕ್ಕೆ ಭಾನುವಾರವೂ ಕೂಡಿಕೊಂಡು ಮೂರು ದಿನಗಳ ರಜೆ ಒದಗಿದೆ. ಇನ್ನು ಮಾಡುವುದೇನು? ಕಳೆದ ಐವತ್ತು ಅರವತ್ತು ವರ್ಷಗಳಲ್ಲಿ ಕನ್ನಡನಾಡಿನ ಎಷ್ಟೋ ಮನೆಗಳು ಈ ಪ್ರಶ್ನೆಗೆ ಕಂಡುಕೊಂಡ ಉತ್ತರ ಒಂದೇ: ಸಿನಿಮಾ ನೋಡುವುದು. ಆದರೆ ಯಾವ ಸಿನಿಮಾ ಎಂಬಲ್ಲಿ ಒಮ್ಮತ ಸುಲಭವಲ್ಲ. ಅಜ್ಜಿಗೆ ಭಕ್ತಿಯ ಚಿತ್ರ ಬೇಕು. ತಾಯಿಗೆ ಸಂಸಾರದ ಕಥೆ ಬೇಕು. ಮಕ್ಕಳಿಗೆ ಹೊಡೆದಾಟ ಬೇಕು. ತಂದೆಗೆ ಏನು ಬೇಕೆಂದು ಯಾರೂ ಕೇಳುವುದಿಲ್ಲ; ಟಿಕೆಟ್ಟಿನ ಹಣ ಕೊಡುವುದಷ್ಟೇ ಆತನ ಪಾಲಿನ ಕರ್ತವ್ಯ.

ಈ ಒಮ್ಮತವನ್ನು ಸಾಧಿಸಬಲ್ಲಂಥ ಒಂದು ಸಣ್ಣ ಚಿತ್ರಸರಣಿ ಕನ್ನಡದಲ್ಲಿಯೇ ಬಂದಿತು. ದೊರೆ ಮತ್ತು ಭಗವಾನ್ ಎಂಬ ಇಬ್ಬರು ಮಿತ್ರರು ಜೊತೆಗೂಡಿ 1968ರಲ್ಲಿ 'ಜೇಡರ ಬಲೆ'ಯನ್ನು ತೆರೆಗೆ ತಂದರು. ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. 999', 1969ರಲ್ಲಿ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999', ಒಂಬತ್ತು ವರ್ಷಗಳ ಬಿಡುವಿನ ಬಳಿಕ 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'; ಹೀಗೆ ನಾಲ್ಕು ಚಿತ್ರಗಳು. ನಾಲ್ಕರಲ್ಲಿಯೂ ಗೂಢಚಾರ 999 ಆಗಿ ನಟಿಸಿದವರು ರಾಜಕುಮಾರ್. 1954ರಲ್ಲಿ ಬೇಡರ ಕಣ್ಣಪ್ಪನಾಗಿ, 1960ರಲ್ಲಿ ಕನಕದಾಸನಾಗಿ, 1963ರಲ್ಲಿ ಸಂತ ತುಕಾರಾಮನಾಗಿ ಜನಮನದಲ್ಲಿ ನೆಲೆಸಿದ್ದ ನಟ ಕೋಟು ಧರಿಸಿ, ಪಿಸ್ತೂಲು ಹಿಡಿದು ಬಂದಾಗ ಅಜ್ಜಿಯಂದಿರೂ ಆತನನ್ನು ಪರಕೀಯನೆಂದು ಎಣಿಸಬೇಕಾಗಲಿಲ್ಲ. ಕಣ್ಣಪ್ಪನೇ ವೇಷ ಬದಲಿಸಿ ಬಂದಿದ್ದಾನೆ ಎಂಬ ವಿಶ್ವಾಸ ಅವರಿಗೆ ಸಾಕಾಗಿತ್ತು.

ಈ ಪಾತ್ರದ ಮೂಲಮಾದರಿ ಎಲ್ಲಿಯದೆಂಬುದು ಗುಟ್ಟೇನೂ ಅಲ್ಲ. ಇಂಗ್ಲೆಂಡಿನ ಇಯಾನ್ ಫ್ಲೆಮಿಂಗ್ 1953ರಲ್ಲಿ ಜೇಮ್ಸ್ ಬಾಂಡನ ಮೊದಲ ಕಾದಂಬರಿಯನ್ನು ಪ್ರಕಟಿಸಿದರು. 1962ರಲ್ಲಿ 'ಡಾ. ನೋ' ಚಿತ್ರ ಬಂದಿತು. ಅಲ್ಲಿಂದ ಮೊದಲಾದ ಆ ಸರಣಿ 2021ರ ಹೊತ್ತಿಗೆ ಇಪ್ಪತ್ತೈದು ಚಿತ್ರಗಳಷ್ಟು ಬೆಳೆಯಿತು. ಹೊರಗಿನ ಅಚ್ಚನ್ನು ತಂದುಕೊಳ್ಳುವುದು ತಪ್ಪಲ್ಲ. ಆ ಅಚ್ಚಿಗೆ ಎಂಥ ಹಿಟ್ಟನ್ನು ತುಂಬಿದೆವು ಎಂಬುದು ಮುಖ್ಯ. ಬಾಂಡ್ ಮದ್ಯಪ್ರಿಯ, ಚಂಚಲ. ಒಂದು ಚಿತ್ರದ ನಾಯಕಿಯನ್ನು ಇನ್ನೊಂದರಲ್ಲಿ ನೆನೆಯುವುದೇ ಅಪರೂಪ. ಅಂಥವನನ್ನು ತಾಯಿಮಕ್ಕಳು ಒಂದೇ ಸಾಲಿನಲ್ಲಿ ಕುಳಿತು ನೋಡುವುದು ಅಂದಿನ ಮನೆಗಳಿಗೆ ಕಷ್ಟವಾಗುತ್ತಿತ್ತು. ಮದ್ಯ ಸಿಗರೇಟುಗಳನ್ನು ತೆರೆಯ ಮೇಲೂ ದೂರವಿಟ್ಟ ನಟನೆಂಬ ಖ್ಯಾತಿ ರಾಜಕುಮಾರ್ ಅವರದು. ಆ ಖ್ಯಾತಿಯೇ ಮನೆಮಂದಿಗೆ ಒಂದು ರಹದಾರಿಯಾಗಿತ್ತು. ಪಾಶ್ಚಾತ್ಯ ಗೂಢಚಾರನ ಚುರುಕು ಉಳಿಯಿತು. ಅವನ ಚಟಗಳು ಗಡಿಯಾಚೆ ನಿಂತವು.

ಇನ್ನೊಂದು ಅಂಶವನ್ನೂ ಇಲ್ಲಿ ಗಮನಿಸಬೇಕು. 'ಜೇಡರ ಬಲೆ'ಯ ಕಥೆ ಲೋಹವನ್ನು ಚಿನ್ನವಾಗಿಸುವ ಒಂದು ಸೂತ್ರದ ಸುತ್ತ ಹೆಣೆದದ್ದು. ಇದು ಬರಿಯ ಕಟ್ಟುಕಥೆಯೆಂದು ನಾವು ಇಂದು ನಗಬಹುದು. ಆದರೆ ಅಂದಿನ ಮನೆಗಳಲ್ಲಿ ಚಿನ್ನ ಎಂಬುದು ನಿತ್ಯದ ಚಿಂತೆಯ ಮಾತಾಗಿತ್ತು. 1963ರ ಜನವರಿಯಲ್ಲಿ ಬಂದ ಚಿನ್ನ ನಿಯಂತ್ರಣ ನಿಯಮಗಳು ಹದಿನಾಲ್ಕು ಕ್ಯಾರಟ್ಟಿಗೆ ಮೀರಿದ ಹೊಸ ಒಡವೆಗಳನ್ನು ಮಾಡುವುದಕ್ಕೆ ತಡೆ ಹಾಕಿದುವು. ಅನೇಕ ಅಕ್ಕಸಾಲಿಗರು ಉದ್ಯೋಗ ಕಳೆದುಕೊಂಡರು. 'ಜೇಡರ ಬಲೆ' ತೆರೆ ಕಂಡ 1968ರಲ್ಲಿಯೇ ಚಿನ್ನ ನಿಯಂತ್ರಣ ಕಾಯಿದೆಯೂ ಜಾರಿಗೆ ಬಂದಿತು. ಅದು ರದ್ದಾದದ್ದು 1990ರಲ್ಲಿ. ನಡುವಣ ಆ ವರ್ಷಗಳಲ್ಲಿ ಕಳ್ಳಸಾಗಣೆಯ ಚಿನ್ನ ಎಂಬುದು ವೃತ್ತಪತ್ರಿಕೆಗಳ ಮಾಮೂಲು ಸುದ್ದಿ. 1961ರ ಡಿಸೆಂಬರಿನಲ್ಲಷ್ಟೇ ಪೋರ್ಚುಗೀಸರಿಂದ ಬಿಡುಗಡೆ ಹೊಂದಿದ್ದ ಗೋವಾ ಕೂಡ ಪ್ರೇಕ್ಷಕರ ಪಾಲಿಗೆ ಕುತೂಹಲದ ನೆಲವೇ. ಮಗಳ ಮದುವೆಗೆಂದು ಚಿನ್ನ ಕೂಡಿಡುತ್ತಿದ್ದ ತಾಯಿಗೂ ಪಿಸ್ತೂಲಿನ ಸದ್ದಿಗೆ ಕಾತರಿಸುತ್ತಿದ್ದ ಮಗನಿಗೂ ಒಂದೇ ಕಥೆಯಲ್ಲಿ ಆಸಕ್ತಿ ಹುಟ್ಟಲು ಇಂಥ ಕಾರಣಗಳಿದ್ದವು.

ಸರಣಿಯ ಚಿತ್ರಗಳನ್ನು ಕುರಿತು ವಿಚಾರವಂತರಾದ ಹಿರಿಯರು ಎತ್ತುವ ಮೊದಲ ಆಕ್ಷೇಪವೆಂದರೆ, ಅವೆಲ್ಲ ಒಂದೇ ತೆರ. ನಾಯಕ ಗೆದ್ದೇ ಗೆಲ್ಲುತ್ತಾನೆ, ಮತ್ತೆ ನೋಡುವುದೇನು? ಈ ಆಕ್ಷೇಪವನ್ನು ಒಪ್ಪಿದರೆ ನಾವು ಬಯಲಾಟವನ್ನೂ ಹರಿಕಥೆಯನ್ನೂ ಬಿಟ್ಟುಕೊಡಬೇಕಾಗುತ್ತದೆ. ರಾವಣ ಸಾಯುವನೆಂಬುದು ಕಂಬಳಿ ಹೊದ್ದು ಕುಳಿತ ಮಗುವಿಗೂ ತಿಳಿದದ್ದೇ. ಆದರೂ ಬೆಳಗಿನ ಜಾವದವರೆಗೆ ಅದು ಎಚ್ಚರವಾಗಿರುತ್ತದೆ. ಗೆಲ್ಲುವನೇ ಎಂಬ ಪ್ರಶ್ನೆ ಅದಕ್ಕಿಲ್ಲ. ಹೇಗೆ ಗೆಲ್ಲುವನು, ಯಾವ ಇಕ್ಕಟ್ಟಿನಿಂದ ಯಾವ ಉಪಾಯದಿಂದ ಪಾರಾಗುವನು ಎಂಬುದರಲ್ಲಿ ಅದರ ಉಸಿರೆಲ್ಲ ಸಿಕ್ಕಿಕೊಂಡಿರುತ್ತದೆ. ಗುರುತಿನ ವೀರನೊಬ್ಬ ಹೊಸ ಅಪಾಯದಲ್ಲಿ ಸಿಲುಕುವುದನ್ನು ಮತ್ತೆ ಮತ್ತೆ ನೋಡಬಯಸುವ ಈ ಹಂಬಲ ಸಿನಿಮಾಕ್ಕಿಂತ ಬಹಳ ಹಳೆಯದು.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಹೊಡೆದಾಟವನ್ನು ಕಂಡ ಮಕ್ಕಳು ಹೊಡೆದಾಟವನ್ನೇ ಕಲಿಯುವುದಿಲ್ಲವೆ? ಇದನ್ನು ನಗೆಯಲ್ಲಿ ತೇಲಿಸಿಬಿಡುವಂತಿಲ್ಲ. ಚಿತ್ರ ನೋಡಿ ಬಂದ ಮರುದಿನ ಹಿತ್ತಿಲು ಗೂಢಚಾರರ ಬೀಡಾಗುವುದು, ದಾಳಿಂಬೆ ಗಿಡದ ಕೊಂಬೆಗಳು ಪಿಸ್ತೂಲುಗಳಾಗುವುದು, ಎಲ್ಲರಿಗಿಂತ ಚಿಕ್ಕವನು ಅನಿವಾರ್ಯವಾಗಿ ಖಳನಾಯಕನಾಗುವುದು ಮಕ್ಕಳಿರುವ ಮನೆಯವರೆಲ್ಲ ಬಲ್ಲ ಸಂಗತಿ. ಆಟವನ್ನು ಆಟವೆಂದು ಬಿಡಬಹುದು. ಆದರೆ ಮಗು ಯಾರ ಪಕ್ಷ ವಹಿಸಿ ಚಪ್ಪಾಳೆ ತಟ್ಟುತ್ತಿದೆ, ಏಕೆ ತಟ್ಟುತ್ತಿದೆ ಎಂಬುದನ್ನು ಹಿರಿಯರು ಅರಿಯದಿರುವುದು ಸರಿಯಲ್ಲ.

ಈ ಮಾತಿಗೆ ನಿದರ್ಶನವಾಗಿ ಇತ್ತೀಚಿನ ಇನ್ನೊಂದು ಕನ್ನಡ ಸರಣಿಯನ್ನು ನೋಡಬಹುದು. 'ಕೆ.ಜಿ.ಎಫ್.' ಚಿತ್ರದ ಮೊದಲ ಅಧ್ಯಾಯ 2018ರ ಡಿಸೆಂಬರಿನಲ್ಲಿ, ಕ್ರಿಸ್ಮಸ್ ರಜೆಯ ಹೊಸ್ತಿಲಲ್ಲಿ ತೆರೆ ಕಂಡಿತು. ಎರಡನೆಯದು ಬಂದದ್ದು 2022ರ ಏಪ್ರಿಲ್ 14ರ ಗುರುವಾರ. ಅಂದು ಅಂಬೇಡ್ಕರ್ ಜಯಂತಿ, ಮರುದಿನ ಗುಡ್ ಫ್ರೈಡೇ, ಬಳಿಕ ವಾರಾಂತ್ಯ. ಒಟ್ಟು ಕುಟುಂಬಕ್ಕೆ ರಜೆ ದೊರೆಯುವ ದಿನಗಳ ಬೆಲೆಯನ್ನು ಚಿತ್ರೋದ್ಯಮ ಚೆನ್ನಾಗಿಯೇ ಬಲ್ಲದು. ಇಲ್ಲಿಯೂ ಕಥೆಯ ನಡುವೆ ಇರುವುದು ಚಿನ್ನವೇ. ನಿಜವಾದ ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿಹೋದವು. ತೆರೆಯ ಮೇಲೆ ಅವುಗಳ ನೆರಳಿನಲ್ಲಿ ಒಂದು ಕಲ್ಪಿತ ಲೋಕ ಎದ್ದು ನಿಂತಿತು. ಆದರೆ ಸಿ.ಐ.ಡಿ. 999 ಕಾನೂನಿನ ಸೇವಕ. ಚಿನ್ನ ಅವನ ಕೈಗೆ ಸಿಕ್ಕರೂ ಅವನದಾಗುವುದಿಲ್ಲ. ರಾಕಿ ಕಾನೂನಿನ ಹೊರಗಿನವನು. ತಾಯಿಗೆ ಕೊಟ್ಟ ಮಾತಿಗಾಗಿ ಸಂಪತ್ತನ್ನೂ ಅಧಿಕಾರವನ್ನೂ ಕೈವಶ ಮಾಡಿಕೊಳ್ಳಲು ಹೊರಟವನು. ಅಜ್ಜ ಚಪ್ಪಾಳೆ ತಟ್ಟಿದ್ದು ಒಬ್ಬನಿಗೆ, ಮೊಮ್ಮಗ ತಟ್ಟಿದ್ದು ಮತ್ತೊಬ್ಬನಿಗೆ. ಈ ಅಂತರದಲ್ಲಿ ಐವತ್ತು ವರ್ಷಗಳ ಸಮಾಜದ ಇತಿಹಾಸವೇ ಅಡಗಿದೆ. ಸರ್ಕಾರದ ಮೇಲೆ ಅಜ್ಜನಿಗಿದ್ದ ನಂಬಿಕೆ ಮೊಮ್ಮಗನಿಗೆ ಏಕಿಲ್ಲ? ಬಡತನದ ಅವಮಾನ ಉಂಡವನು ಮಾಡಿದ್ದೆಲ್ಲ ನ್ಯಾಯವೆ? ತಾಯಿಗೆ ಕೊಟ್ಟ ಮಾತು ದೊಡ್ಡದೋ, ಆ ಮಾತಿಗಾಗಿ ಬಿದ್ದ ಹೆಣಗಳು ದೊಡ್ಡವೋ? ಇವು ಪಡಸಾಲೆಯಲ್ಲಿ ಕುಳಿತು ಚರ್ಚಿಸಲು ಯೋಗ್ಯವಾದ ಪ್ರಶ್ನೆಗಳು. ಆದರೆ ಚರ್ಚೆ ನಡೆಯಬೇಕಾದರೆ ಅಜ್ಜನೂ ಮೊಮ್ಮಗನೂ ಒಂದೇ ಚಿತ್ರವನ್ನು ನೋಡಿರಬೇಕು.

ಕಾನೂನು ಕೂಡ ಈ ಹೊಣೆಯನ್ನು ಮನೆಗೇ ವಹಿಸಿದೆ. ಚಿತ್ರಗಳಿಗೆ ಕೊಡುವ ಯು/ಎ ಪ್ರಮಾಣಪತ್ರದ ಜಾಗದಲ್ಲಿ 2024ರ ನಿಯಮಗಳು ಏಳು, ಹದಿಮೂರು, ಹದಿನಾರು ವರ್ಷಗಳೆಂಬ ಮೂರು ಮೆಟ್ಟಿಲುಗಳನ್ನು ಇಟ್ಟಿವೆ. ಆ ವಯಸ್ಸಿಗೆ ಕೆಳಗಿನ ಮಗುವಿಗೆ ಈ ಚಿತ್ರ ತಕ್ಕುದೇ ಎಂಬುದನ್ನು ತಂದೆತಾಯಿಗಳೇ ನಿರ್ಣಯಿಸಬೇಕೆಂಬುದು ಅದರ ತಾತ್ಪರ್ಯ. ನೋಡದೆ, ಕೇಳದೆ, ವಿಚಾರಿಸದೆ ನಿರ್ಣಯಿಸುವುದಾದರೂ ಹೇಗೆ?

ಇಂದಿನ ಹಬ್ಬದ ಮಧ್ಯಾಹ್ನ ಬಹುಮಟ್ಟಿಗೆ ಬೇರೆಯಾಗಿದೆ. ಮನೆಯಲ್ಲಿ ಎಂಟು ಜನರಿದ್ದರೆ ಎಂಟು ಪರದೆಗಳಿವೆ. ಅಜ್ಜಿಯ ಕೈಯಲ್ಲಿ ಪ್ರವಚನ, ಸೊಸೆಯ ಕೈಯಲ್ಲಿ ಅಡಿಗೆ, ಮೊಮ್ಮಗನ ಕಿವಿಯಲ್ಲಿ ಬಂದೂಕಿನ ಸದ್ದು. ಯಾವುದನ್ನು ನೋಡಬೇಕೆಂಬ ಜಗಳ ಮುಗಿಯಿತೆಂದು ನಾವು ನೆಮ್ಮದಿ ತಾಳಬಹುದು. ಆದರೆ ಆ ಜಗಳದಲ್ಲಿ ಒಂದು ಕಲಿಕೆಯೂ ಇತ್ತು. ಈ ಸಲ ನಿನ್ನ ಚಿತ್ರ, ಮುಂದಿನ ಸಲ ನನ್ನದು ಎಂಬ ಒಡಂಬಡಿಕೆಯಲ್ಲಿ ಒಬ್ಬರ ರುಚಿಗೆ ಇನ್ನೊಬ್ಬರು ಮೂರು ಗಂಟೆಗಳ ಕಾಲ ಮರ್ಯಾದೆ ಕೊಡುತ್ತಿದ್ದರು. ಇಷ್ಟವಿಲ್ಲದೆ ನೋಡತೊಡಗಿದವರು ನಡುವೆ ಎಲ್ಲೋ ಮೈಮರೆತು ಕಥೆಯೊಳಗೆ ಹೋಗಿಬಿಡುತ್ತಿದ್ದರು. ಹಿಂದಿರುಗುವ ದಾರಿಯುದ್ದಕ್ಕೂ ಮಾತಿಗೆ ಬರವಿರುತ್ತಿರಲಿಲ್ಲ.

ಆದುದರಿಂದ ಕೇಳುಗರಲ್ಲಿ ನನ್ನದೊಂದು ಸಣ್ಣ ಬಿನ್ನಹ. ಬರುವ ಹಬ್ಬದ ರಜೆಯಲ್ಲಿ ಒಂದು ಸಂಜೆಯನ್ನಾದರೂ ಮನೆಮಂದಿಯೆಲ್ಲ ಒಂದೇ ಚಿತ್ರಕ್ಕೆ ಮೀಸಲಿಡಿ. ಮಕ್ಕಳ ಮೆಚ್ಚಿನ ಸಾಹಸಚಿತ್ರವನ್ನು ಮೂಗು ಮುರಿಯದೆ ಅವರೊಡನೆ ಕುಳಿತು ನೋಡಿ. ಅದು ಅವರ ವಯಸ್ಸಿಗೆ ಒಗ್ಗದೆಂದು ಕಂಡರೆ ಕಾರಣ ಹೇಳಿ ಬೇರೊಂದನ್ನು ಆರಿಸಿ. ಮರುದಿನ ಅವರನ್ನು ಕೂರಿಸಿಕೊಂಡು ಕಪ್ಪುಬಿಳುಪಿನ 'ಜೇಡರ ಬಲೆ'ಯನ್ನು ತೋರಿಸಿ. ಅದರ ಯಂತ್ರಗಳನ್ನೂ ಹೊಡೆದಾಟಗಳನ್ನೂ ಕಂಡು ಅವರು ನಕ್ಕಾರು, ನಗಲಿ. ನಗುವಿನ ನಡುವೆ, ಈತ ಯಾರಿಗಾಗಿ ಹೊಡೆದಾಡುತ್ತಿದ್ದಾನೆ ಎಂದು ಅವರಲ್ಲೊಬ್ಬರು ಕೇಳಿದರೆ, ಉತ್ತರ ಹೇಳಲು ಹಿರಿಯರು ಪಕ್ಕದಲ್ಲಿಯೇ ಕುಳಿತಿರಲಿ.